ವಖಾರಿಯಿಂದ ಟ್ಯಾಲಿವರೆಗೆ: ಸಾಫ್ಟ್‌ವೇರ್ ಜೋಡಿಸೋ ಮಿಡಲ್‌ವೇರ್ ಆರಿಸೋದು ಹೆಂಗೆ

ಶಿರಸಿಲಿ ಒಂದು ಮಧ್ಯಮ ಗಾತ್ರದ ಅಡಿಕೆ ವ್ಯವಹಾರ ತಗೊಳ್ಳಿ. ಲಾರಿ ಸಮೇತ ತೂಕ ಮಾಡೋ ವೇ ಬ್ರಿಡ್ಜ್‌ಗೆ ಒಂದು ಸಾಫ್ಟ್‌ವೇರ್, ಟೆಂಡರ್‌ಗೆ ಇನ್ನೊಂದು, ಲೆಕ್ಕಕ್ಕೆ ಟ್ಯಾಲಿ, ಸದಸ್ಯರ ಸಾಲ-ಠೇವಣಿಗೆ ಮತ್ತೊಂದು, ಬಿಲ್ಲನ್ನ ಸರ್ಕಾರದ ಜಿಎಸ್‌ಟಿ ವ್ಯವಸ್ಥೆಲಿ ದಾಖಲಿಸೋ ಇ-ಇನ್‌ವಾಯ್ಸ್ ಪೋರ್ಟಲ್ ಬೇರೆ, ಬ್ಯಾಂಕಿನ ಪೋರ್ಟಲ್ ಬೇರೆ, ರೈತರಿಗೆ ಮೆಸೇಜ್ ಕಳಿಸೋದು ಬೇರೆ. ಇವೆಲ್ಲದರ ಮಧ್ಯೆ ಎಕ್ಸೆಲ್ ಶೀಟು, ಪೆನ್‌ಡ್ರೈವ್ ಹಿಡ್ಕೊಂಡು ಓಡಾಡೋ ಒಬ್ಬ ಹುಡುಗ. ಆ ಹುಡುಗ ರಜೆ ಹಾಕಿದ ದಿನ ಇಡೀ ಲೆಕ್ಕ ಕೂತೇ ಬಿಡ್ತದೆ. ಮಿಡಲ್‌ವೇರ್ ಅಂದ್ರೆ ಆ ಹುಡುಗನ ಓಡಾಟದ ಕೆಲಸ ಮಾಡೋ ಸಾಫ್ಟ್‌ವೇರ್, ಅಷ್ಟೇಯಾ. ಒಂದು ಕಡೆಯಿಂದ ಡೇಟಾ ತಗೊಂಡು, ಇನ್ನೊಂದಕ್ಕೆ ಅರ್ಥ ಆಗೋ ರೂಪಕ್ಕೆ ತಿರುಗಿಸಿ, ಮುಟ್ಟಿಸಿ, ಮುಟ್ಟಿತಾ ಇಲ್ವಾ ಅಂತ ಬರೆದಿಡೋದು.

ಇದನ್ನ ಮಾರೋರು ಹುಬ್ಬಳ್ಳಿಯಿಂದ, ಬೆಂಗಳೂರಿಂದ ಪಿಪಿಟಿ ಹಿಡ್ಕೊಂಡು ಬರ್ತಾರೆ, ಎಲ್ಲರ ಪಿಪಿಟಿಲೂ ಮಧ್ಯದಲ್ಲಿ ಒಂದು ನೀಲಿ ಡಬ್ಬ, ಸುತ್ತಲೂ ಬಾಣ. ಆ ಚಿತ್ರ ನೋಡಿ ಆರಿಸೋಕೆ ಆಗೂದಿಲ್ಲ. ಹಾಗಾಗಿ ಇಲ್ಲಿ ನಾನು ಹೇಳೋ ಕ್ರಮ ಸ್ವಲ್ಪ ಉಲ್ಟಾ, ಪ್ರಾಡಕ್ಟ್ ಹೆಸರು ಆಮೇಲೆ, ನಿಮ್ಮ ವಖಾರಿ ಮೊದ್ಲು.

ಮೊದ್ಲು ಒಂದು ಲಾಟಿನ ಹಿಂದೆ ಹೋಗಿ

ಸಿಸ್ಟಮ್ ಪಟ್ಟಿ ಮಾಡೋದಕ್ಕಿಂತ ಇದು ಒಳ್ಳೇದು. ಒಬ್ಬ ರೈತರು ‘ರಾಶಿ’ ಅನ್ನೋ ಬಗೆಯ ಅಡಿಕೆ ತಂದ್ರು ಅಂತ ಇಟ್ಕೊಳ್ಳಿ. ತೂಕ ಆಯ್ತು, ಲಾಟ್ ನಂಬರ್ ಬಿತ್ತು, ವ್ಯಾಪಾರಸ್ಥರು ನೋಡಿ ಟೆಂಡರ್ ಬರೆದ್ರು, ಹೆಚ್ಚಿನ ದರಕ್ಕೆ ಕೊಟ್ಟಾಯ್ತು, ಖರೀದಿದಾರರ ಹೆಸರಲ್ಲಿ ಬಿಲ್ ಆಯ್ತು, ಬಿಲ್ಲಿಗೆ ಇ-ಇನ್‌ವಾಯ್ಸ್ ನಂಬರ್ ಬಂತು, ಲಾರಿ ಹೊರಡೋ ಹೊತ್ತಿಗೆ ಮಾಲು ಸಾಗಿಸೋಕೆ ಬೇಕಾದ ಇ-ವೇ ಬಿಲ್, ಆಮೇಲೆ ರೈತರ ಸಾಲದ ಬಾಕಿ ಮುರ್ಕೊಂಡು ಉಳಿದ ದುಡ್ಡು ಅವರ ಖಾತೆಗೆ. ಪ್ರತಿ ಹೆಜ್ಜೆಲೂ ಬರ್ಕೊಳ್ಳಿ: ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗ್ತದೆ, ದಿನಕ್ಕೆ ಎಷ್ಟು, ಎಷ್ಟು ಬೇಗ ಹೋಗ್ಬೇಕು, ತಡ ಆದ್ರೆ ಯಾರು ಬಯ್ತಾರೆ. ಕೊನೇದು ತಮಾಷೆ ಅಲ್ಲ. ಲಾರಿ ಗೇಟಲ್ಲಿ ನಿಂತಿದ್ರೆ ಇ-ವೇ ಬಿಲ್ ಎರಡು ನಿಮಿಷ ತಡ ಆದ್ರೂ ಡ್ರೈವರ್ ಹಾರ್ನ್ ಹೊಡೀತಾನೆ, ಆದ್ರೆ ಅದೇ ಬಿಲ್ಲು ಟ್ಯಾಲಿಗೆ ರಾತ್ರಿ ಹೋದ್ರೂ ಯಾರಿಗೂ ಎಂತದೂ ಆಗೂದಿಲ್ಲ. ಎಲ್ಲಾ ರಿಯಲ್ ಟೈಮ್ ಬೇಕು ಅಂತ ಹೇಳಿದ ಕೂಡ್ಲೇ ಕೊಟೇಶನ್ ಎರಡು ಪಟ್ಟಾಗ್ತದೆ, ಅದಕ್ಕೆ ಯಾವುದು ತಕ್ಷಣ, ಯಾವುದು ಸಂಜೆ ಅಂತ ನೀವೇ ಮೊದ್ಲು ಬೇರೆ ಮಾಡಿಟ್ಕೊಳ್ಳಿ.

ಈ ಹಾಳೆಲಿ ಬಾಣ ಮೂರೇ ಮೂರು ಬಂದ್ರೆ ಮಿಡಲ್‌ವೇರ್ ಬೇಡ ಮಾರಾಯ್ರೆ, ಇಲ್ಲಿಗೇ ಓದೋದು ನಿಲ್ಸಿ. ಟ್ಯಾಲಿಪ್ರೈಮ್ ಒಳಗಿಂದಲೇ ಇ-ಇನ್‌ವಾಯ್ಸ್, ಇ-ವೇ ಬಿಲ್ ಮಾಡ್ಬಹುದು, ಸಣ್ಣ ವ್ಯಾಪಾರಕ್ಕೆ ಅದು ಸಾಕು. ತಲೆನೋವು ಶುರು ಆಗೋದು ಸಿಸ್ಟಮ್ ಜಾಸ್ತಿ ಆದಾಗ. ಎಲ್ಲಾ ಎಲ್ಲಾದಕ್ಕೂ ನೇರ ಜೋಡಿಸ್ತೀನಿ ಅಂತ ಹೊರಟ್ರೆ 6 ಸಿಸ್ಟಮ್‌ಗೆ 15 ಜೋಡಣೆ, 10 ಆದ್ರೆ 45. ಅಷ್ಟೂ ಯಾರಿಗೂ ಬೇಕಾಗೂದಿಲ್ಲ ನಿಜ, ಆದ್ರೂ ಅರ್ಧ ಬಂದ್ರೂ ಸಾಕು, ಯಾವ ಸ್ಕ್ರಿಪ್ಟ್ ಯಾರು ಬರೆದದ್ದು ಅಂತ ಎರಡು ವರ್ಷದ ಮೇಲೆ ಯಾರಿಗೂ ನೆನಪಿರೂದಿಲ್ಲ.

ಮಾಸ್ಟರ್ ಸರಿ ಇಲ್ದೇ ಮುಂದೆ ಹೋಗ್ಬೇಡಿ

ಮಾಸ್ಟರ್ ಅಂದ್ರೆ ಹೆಸರು, ಕೋಡ್, ಯೂನಿಟ್‌ಗಳ ಮೂಲ ಪಟ್ಟಿ. ಅದನ್ನ ಸರಿ ಮಾಡೋದು ಬೇಜಾರಿನ ಕೆಲಸ, ಯಾವ ಪಿಪಿಟಿಲೂ ಇರೂದಿಲ್ಲ, ಆದ್ರೆ ಹೆಚ್ಚಿನ ಪ್ರಾಜೆಕ್ಟ್ ಹಾಳಾಗೋದು ಇಲ್ಲೇ. ವೇ ಬ್ರಿಡ್ಜ್‌ನಲ್ಲಿ ತೂಕ ಕಿಲೋದಲ್ಲಿ ಬರ್ತದೆ. ಟೆಂಡರ್ ದರ ಕ್ವಿಂಟಾಲ್ ಮೇಲೆ. ಟ್ಯಾಲಿಲಿ ಸ್ಟಾಕ್ ಯಾರೋ ಚೀಲದ ಲೆಕ್ಕದಲ್ಲಿ ಇಟ್ಟಿರ್ತಾರೆ. 4,860 ಕಿಲೋ ಅಂದ್ರೆ 48.60 ಕ್ವಿಂಟಾಲ್ ಅಂತ ಲೆಕ್ಕ ಬರೆಯೋ ನಮ್ಮ ರೈಟರಿಗೆ ಹೇಳ್ಕೊಡೋದು ಬೇಡ, ಆದ್ರೆ ಮಿಡಲ್‌ವೇರ್‌ಗೆ ಹೇಳ್ಬೇಕು. ಹೇಳ್ದೇ ಬಿಟ್ರೆ ಅದು 4,860ನ್ನ ಹಾಗೇ ಕ್ವಿಂಟಾಲ್ ಅಂತ ತಗೊಂಡು ಬಿಲ್ ಮಾಡಿ ಪೋರ್ಟಲ್‌ಗೂ ಕಳಿಸಿ ಬಿಡ್ತದೆ. ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ರದ್ದು ಮಾಡೋಕೆ ಇರೋದು 24 ಗಂಟೆ ಮಾತ್ರ, ಇ-ವೇ ಬಿಲ್ ಚಾಲ್ತಿಲಿದ್ರೆ ಅದೂ ಆಗೂದಿಲ್ಲ, ರದ್ದಾದ್ರೂ ಅದೇ ಬಿಲ್ ನಂಬರ್ ಮತ್ತೆ ಬಳಸೋ ಹಾಗಿಲ್ಲ. ಆಮೇಲೆ ಕ್ರೆಡಿಟ್ ನೋಟ್ ಹಾಕ್ತಾ ಕೂರ್ಬೇಕು.

ಮಾಲಿನ ಹೆಸರಿನದ್ದೂ ಇದೇ ಕಥೆ. ಒಂದು ಕಡೆ ರಾಶಿ, ಇನ್ನೊಂದು ಕಡೆ ರಾಶಿ ಹಳೇದು, ಮತ್ತೊಂದು ಕಡೆ ಬರೀ ಕೋಡ್ 12. ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ, ಹೀಗೆ ಅಡಿಕೆಯ ಪ್ರತಿ ಬಗೆಗೂ ಯಾವ ಸಿಸ್ಟಮ್‌ನಲ್ಲಿ ಯಾವ ಹೆಸರು ಅಂತ ಒಂದು ಕೋಷ್ಟಕ ಮಾಡಿ. ರೈತರ ಹೆಸರಿಗೆ ಅಂತೂ ಹೆಸರನ್ನೇ ನಂಬ್ಕೊಂಡು ಜೋಡಿಸ್ಬೇಡಿ. ಗಣಪತಿ ಹೆಗಡೆ ಅನ್ನೋ ಹೆಸರಲ್ಲಿ ಒಂದೇ ಸೀಮೆಲಿ ಎಷ್ಟು ಜನ ಸಿಗ್ತಾರೆ ಅಂತ ಶಿರಸಿಯೋರಿಗೆ ಬೇರೆ ಹೇಳ್ಬೇಕಾ. ಸದಸ್ಯ ನಂಬರೇ ಕೀಲಿ, ಅಂದ್ರೆ ಗುರುತು ಹಿಡಿಯೋ ನಂಬರ್ ಆಗ್ಬೇಕು. ಮತ್ತೆ ಯಾವ ಮಾಹಿತಿಗೆ ಯಾವ ಸಿಸ್ಟಮ್ ಯಜಮಾನ ಅಂತ ಈಗಲೇ ಬರೆದಿಡಿ: ಬ್ಯಾಂಕ್ ಖಾತೆ ನಂಬರ್ ಬದಲಾದ್ರೆ ಎಲ್ಲಿ ಬದಲಾಯಿಸ್ಬೇಕು, ಒಂದೇ ಕಡೆ, ಉಳಿದದ್ದಕ್ಕೆ ಅಲ್ಲಿಂದ ಹೋಗ್ಬೇಕು.

ಯಾವ ಸಿಸ್ಟಮ್‌ಗೆ ಯಾವ ಬಾಗಿಲು

ಟ್ಯಾಲಿಗೆ ಹೊರಗಿಂದ ಮಾತಾಡೋಕೆ ನೆಟ್‌ವರ್ಕ್ ಮೂಲಕ (ಎಚ್‌ಟಿಟಿಪಿ) ಎಕ್ಸ್‌ಎಂಎಲ್ ಅನ್ನೋ ರೂಪದ ಡೇಟಾ ಕಳಿಸೋ ದಾರಿ ಇದೆ, ಸಾಮಾನ್ಯವಾಗಿ 9000ನೇ ಪೋರ್ಟ್. ಆದ್ರೆ ಆ ಕಂಪ್ಯೂಟರ್‌ನಲ್ಲಿ ಟ್ಯಾಲಿ ತೆರೆದಿರ್ಬೇಕು, ಆ ಕಂಪನಿ ಲೋಡ್ ಆಗಿರ್ಬೇಕು. ಸಂಜೆ ಆರಕ್ಕೆ ಯಾರೋ ಲೈಟ್ ಜೊತೆಗೆ ಅದನ್ನೂ ಆರಿಸಿ ಹೋದ್ರೆ ರಾತ್ರಿ ಒಟ್ಟಿಗೆ ಕಳಿಸೋ ಬ್ಯಾಚ್ ಬಾಗಿಲು ಬಡೀತಾ ನಿಂತಿರ್ತದೆ. ಆ ಪೋರ್ಟ್‌ನ್ನ ರೌಟರ್‌ನಲ್ಲಿ ಇಂಟರ್ನೆಟ್‌ಗೆ ತೆರೆದಿಡೋ ಬುದ್ಧಿವಂತಿಕೆ ಮಾತ್ರ ಯಾರು ಹೇಳಿದ್ರೂ ಮಾಡ್ಬೇಡಿ.

ವೇ ಬ್ರಿಡ್ಜ್ ಹಳೇದಾದ್ರೆ ಸೀರಿಯಲ್ ಕೇಬಲ್ ಇಲ್ಲಾ ಟೆಕ್ಸ್ಟ್ ಫೈಲ್. ಬ್ಯಾಂಕ್ ಹೆಚ್ಚಾಗಿ ಫೈಲ್ ಅಪ್‌ಲೋಡ್, ದೊಡ್ಡ ಗ್ರಾಹಕರಿಗೆ ಎಸ್‌ಎಫ್‌ಟಿಪಿ (ಫೈಲನ್ನ ಸುರಕ್ಷಿತವಾಗಿ ಕಳಿಸೋ ದಾರಿ) ಇಲ್ಲಾ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ನೇರ ಮಾತಾಡೋ ಬಾಗಿಲು). ಇ-ಇನ್‌ವಾಯ್ಸ್‌ಗೆ ಜೇಸನ್ ಅನ್ನೋ ಇನ್ನೊಂದು ಡೇಟಾ ರೂಪ. ಕರಾವಳಿ ಕಡೆ ಗೋಡಂಬಿ, ಮೀನು ರಫ್ತು ಮಾಡೋರಿಗೆ ಆಚೆ ಕಡೆ ಖರೀದಿದಾರರ ಹತ್ರ ಸ್ಯಾಪ್ ಅನ್ನೋ ದೊಡ್ಡ ಕಂಪನಿಗಳ ವ್ಯವಹಾರ ಸಾಫ್ಟ್‌ವೇರ್ ಇರ್ಬಹುದು, ಅದಕ್ಕೆ ಐಡಾಕ್, ಬಿಎಪಿಐ, ಒಡೇಟಾ ಅಂತ ಅದರದ್ದೇ ದಾರಿಗಳು. ಹದಿನೈದು ವರ್ಷದ ಹಿಂದೆ ಯಾರೋ ವಿಷುವಲ್ ಬೇಸಿಕ್‌ನಲ್ಲಿ ಬರೆದು ಕೊಟ್ಟ ಪ್ರೋಗ್ರಾಮ್ ಇನ್ನೂ ಓಡ್ತಾ ಇದ್ರೆ ಅದಕ್ಕೆ ಬಾಗಿಲೇ ಇರೂದಿಲ್ಲ, ಫೋಲ್ಡರ್‌ಗೆ ಫೈಲ್ ಹಾಕಿಸಿ ಅಲ್ಲಿಂದ ಎತ್ಕೊಳ್ಳೋದೇ ಗತಿ.

ವೆಂಡರ್ ಒಬ್ಬರು ಬಂದು ಡೇಟಾಬೇಸ್‌ಗೇ ನೇರ ಬರೆದು ಬಿಡ್ತೀನಿ, ಫಾಸ್ಟ್ ಆಗ್ತದೆ ಅಂದ್ರೆ ಬೇಡ ಅನ್ನಿ. ಕಂಪನಿ ಕಾಯ್ದೆ ಅಡಿ ಇರೋ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು ಯಾವಾಗ ಏನು ಬದಲಾಯಿಸಿದ್ರು ಅನ್ನೋ ಎಡಿಟ್ ಲಾಗ್ ಕಡ್ಡಾಯ, ಹಿಂಬಾಗಿಲಿಂದ ಬರೆದ್ರೆ ಆ ಲಾಗ್‌ಗೆ ಸಿಗೂದಿಲ್ಲ, ಆಡಿಟರ್ ಬಂದಾಗ ಉತ್ತರ ಕೊಡೋರು ನೀವು.

ಈಗ ಬಗೆಗಳು

ಎಲ್ಲಕ್ಕಿಂತ ಸರಳ, ಸ್ವಂತ ಸ್ಕ್ರಿಪ್ಟ್ ಮತ್ತೆ ಒಂದು ಶೆಡ್ಯೂಲರ್. ಪೈಥಾನ್‌ನಲ್ಲಿ ಬರೆದು ಗಂಟೆಗೊಂದು ಸಲ ಓಡಿಸೋದು. ಜನ ಇದನ್ನ ಕೀಳಾಗಿ ನೋಡ್ತಾರೆ, ನಾನು ನೋಡೂದಿಲ್ಲ. ನಾಕೈದು ಜೋಡಣೆಗೆ ಇದು ಸಾಕಾಗ್ತದೆ, ಬರೆದೋನು ಊರಲ್ಲಿರೋ ತನಕ.

ಎರಡನೇದು ಮೆಸೇಜ್ ಕ್ಯೂ. ರ‍್ಯಾಬಿಟ್‌ಎಂಕ್ಯೂ, ಆಕ್ಟಿವ್‌ಎಂಕ್ಯೂ, ದೊಡ್ಡ ಬ್ಯಾಂಕುಗಳಲ್ಲಿ ಐಬಿಎಂ ಎಂಕ್ಯೂ. ಕಳಿಸೋರು ಕ್ಯೂಗೆ ಹಾಕಿ ತಮ್ಮ ಕೆಲಸಕ್ಕೆ ಹೋಗ್ತಾರೆ, ತಗೊಳ್ಳೋರು ಎದ್ದಾಗ ತಗೋತಾರೆ, ಟ್ಯಾಲಿ ಆಫ್ ಇದ್ರೂ ತೂಕ ನಿಲ್ಲೂದಿಲ್ಲ. ಕಾಫ್ಕಾ ಕೂಡ ಇದೇ ಸಾಲಲ್ಲಿ ನಿಲ್ಲಿಸ್ತಾರೆ ಆದ್ರೆ ಸ್ವಭಾವ ಬೇರೆ. ಅದು ಕಿರ್ದಿ ಪುಸ್ತಕ ಇದ್ದಂಗೆ, ಬರೆದದ್ದು ನಾವು ಹೇಳಿದಷ್ಟು ದಿನ ಅಲ್ಲೇ ಇರ್ತದೆ, ಯಾರು ಬೇಕಾದ್ರೂ ಹಿಂದಿನ ಪುಟದಿಂದ ಮತ್ತೆ ಓದ್ಬಹುದು. ಲಿಂಕ್ಡ್‌ಇನ್ ಒಳಗೆ ಹುಟ್ಟಿ 2011ರಲ್ಲಿ ಓಪನ್ ಸೋರ್ಸ್ ಆದದ್ದು, ಸೆಕೆಂಡಿಗೆ ಲಕ್ಷಗಟ್ಟಲೆ ಮೆಸೇಜ್ ಬರೋ ಕಡೆಗೆ ಮಾಡಿದ್ದು. ನಮ್ಮ ಯಾರ್ಡ್‌ನಲ್ಲಿ ದಿನಕ್ಕೆ ಕೆಲವು ನೂರು ಲಾಟು. ಕಾಫ್ಕಾ ಬೇಕು ಅಂತ ಹೇಳೋರು ಹೆಚ್ಚಾಗಿ ತಮ್ಮ ರೆಸ್ಯೂಮೆಗೆ ಬೇಕು ಅಂತ ಹೇಳೋದು, ಹೀಗೆ ಹೇಳಿದ್ರೆ ನಮ್ಮ ಹುಡುಗ್ರಿಗೆ ಸಿಟ್ಟು ಬರ್ತದೆ, ಇರ್ಲಿ.

ಮೂರನೇದು ಇಂಟಿಗ್ರೇಶನ್ ಚೌಕಟ್ಟು, ಹಳೇ ಹೆಸರು ಇಎಸ್‌ಬಿ. ಅಪಾಚೆ ಕ್ಯಾಮೆಲ್, ಡಬ್ಲ್ಯೂಎಸ್‌ಒ2, ಮ್ಯೂಲ್. ಕ್ಯೂ ಬರೀ ಸಾಗಿಸ್ತದೆ, ಇವು ತಿರುಗಿಸ್ತಾವೆ ಕೂಡ: ಎಕ್ಸ್‌ಎಂಎಲ್‌ನ್ನ ಜೇಸನ್ ಮಾಡೋದು, ಕಿಲೋವನ್ನ ಕ್ವಿಂಟಾಲ್ ಮಾಡೋದು, ಚಾಲಿ ಆದ್ರೆ ಈ ದಾರಿ ರಾಶಿ ಆದ್ರೆ ಆ ದಾರಿ ಅಂತ ಹಂಚೋದು. ಕ್ಯಾಮೆಲ್ ನನಗೆ ಇಷ್ಟ ಯಾಕಂದ್ರೆ ರೂಟ್‌ಗಳೆಲ್ಲಾ ಮಾಮೂಲಿ ಟೆಕ್ಸ್ಟ್ ಫೈಲು, ನಿಮ್ಮ ಹತ್ರವೇ ಇರ್ತದೆ, ಅಪಾಚೆ ಲೈಸೆನ್ಸ್, ದುಡ್ಡಿಲ್ಲ. ತೊಂದರೆ ಅಂದ್ರೆ ಜಾವಾ ಗೊತ್ತಿರೋರು ಬೇಕು, ಆ ಮಕ್ಕಳೆಲ್ಲಾ ಬೆಂಗಳೂರಲ್ಲಿ, ಹಬ್ಬಕ್ಕೆ ಮಾತ್ರ ಊರಿಗೆ ಬರೋದು.

ನಾಕನೇದು ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗೋದು, ಐಪಾಸ್ ಅಂತಾರೆ. ಮ್ಯೂಲ್‌ಸಾಫ್ಟ್‌ನ ಎನಿಪಾಯಿಂಟ್, ಬೂಮಿ, ಮೈಕ್ರೋಸಾಫ್ಟ್‌ನ ಲಾಜಿಕ್ ಆ್ಯಪ್ಸ್, ಸ್ಯಾಪ್ ಇಂಟಿಗ್ರೇಶನ್ ಸೂಟ್, ಕೆಳಗಿನ ಮಟ್ಟದಲ್ಲಿ ಜೋಹೋ ಫ್ಲೋ, ಜೇಪಿಯರ್. ಎಳೆದು ಬಿಟ್ಟು ಜೋಡಿಸೋದು, ಕೋಡ್ ಕಡಿಮೆ. ಎನ್‌8ಎನ್ ಅಂತ ಒಂದಿದೆ, ಅದನ್ನ ಸ್ವಂತ ಮಶೀನ್‌ನಲ್ಲೇ ಓಡಿಸ್ಬಹುದು, ನಿಮ್ಮ ಸ್ವಂತ ವ್ಯವಹಾರಕ್ಕೆ ಬಳಸೋಕೆ ಅಡ್ಡಿ ಇಲ್ಲ, ಆದ್ರೆ ಪೂರ್ತಿ ಓಪನ್ ಸೋರ್ಸ್ ಲೈಸೆನ್ಸ್ ಅಲ್ಲ, ಅದನ್ನೇ ಸರ್ವಿಸ್ ಮಾಡಿ ಮಾರೋ ಹಾಗಿಲ್ಲ.

ಬಾಡಿಗೆ ಲೆಕ್ಕ ಹಾಕೋವಾಗ ಅವರು ಏನನ್ನ ಎಣಿಸ್ತಾರೆ ಅಂತ ಕೇಳಿ. ಜೇಪಿಯರ್ ಥರದವು ಟಾಸ್ಕ್ ಎಣಿಸ್ತಾವೆ, ಅಂದ್ರೆ ಒಂದೊಂದು ಹೆಜ್ಜೆ. ದಿನಕ್ಕೆ 300 ಲಾಟು, ಲಾಟಿಗೆ 4 ಹೆಜ್ಜೆ, ತಿಂಗಳಿಗೆ 25 ದಿನ ಅಂದ್ರೆ 30,000 ಟಾಸ್ಕ್. ಡೆಮೋದಲ್ಲಿ ಅಗ್ಗ ಅಂತ ಕಂಡದ್ದು ಸುಗ್ಗಿ ಬಂದಾಗ ಬಿಲ್ಲಿನಲ್ಲಿ ಬೇರೆ ಮುಖ ತೋರಿಸ್ತದೆ. ಮಳೆಗಾಲದ ತಿಂಗಳ ಲೆಕ್ಕ ಕೊಡ್ಬೇಡಿ, ಟೆಂಡರ್ ಜೋರಿರೋ ತಿಂಗಳದ್ದು ಕೊಟ್ಟು ಕೊಟೇಶನ್ ಕೇಳಿ.

ಇನ್ನೊಂದು ಕೇಳ್ಬೇಕಾದ್ದು, ಈ ಪ್ರಾಡಕ್ಟ್ ಎಷ್ಟನೇ ಇಸವಿವರೆಗೆ ಇರ್ತದೆ, ಯಾರ ಕೈಲಿದೆ. ಸ್ಯಾಪ್‌ನ ಹಳೇ ಮಿಡಲ್‌ವೇರ್ ಪಿಐ/ಪಿಒ ಮುಖ್ಯ ಸಪೋರ್ಟ್ 2027ರ ಕೊನೆಗೆ ಮುಗೀತದೆ, ಜಾಸ್ತಿ ದುಡ್ಡು ಕೊಟ್ರೆ 2030. ಮೈಕ್ರೋಸಾಫ್ಟ್ ಬಿಜ್‌ಟಾಕ್‌ಗೆ 2020ರ ಆವೃತ್ತಿಯೇ ಕೊನೇದು. ಮ್ಯೂಲ್‌ಸಾಫ್ಟ್‌ನ್ನ 2018ರಲ್ಲಿ ಸೇಲ್ಸ್‌ಫೋರ್ಸ್ ಕೊಂಡ್ಕೊಂಡಿತು, ವೆಬ್‌ಮೆಥಡ್ಸ್ 2024ರಲ್ಲಿ ಐಬಿಎಂ ಪಾಲಾಯ್ತು. ಕೈ ಬದಲಾದ್ರೆ ಪ್ರಾಡಕ್ಟ್ ಹಾಳಾಗ್ತದೆ ಅಂತ ಅಲ್ಲ, ರೇಟು ಮಾತ್ರ ಬದಲಾಗ್ತದೆ. ಅಗ್ಗಕ್ಕೆ ಸಿಗ್ತದೆ ಅಂತ ಯಾರಾದ್ರೂ ಬಿಜ್‌ಟಾಕ್ ಹೊಸದಾಗಿ ಹಾಕೋಕೆ ಬಂದ್ರೆ ಕಷಾಯ ಕುಡಿಸಿ ಕಳಿಸಿ.

ಮಳೆಗಾಲದ ಪರೀಕ್ಷೆ

ಫೀಚರ್ ಪಟ್ಟಿಲಿ ಎಲ್ಲಾ ಒಂದೇ ಥರ ಕಾಣ್ತಾವೆ. ಬೇರೆ ಬೇರೆ ಅಂತ ಗೊತ್ತಾಗೋದು ಕರೆಂಟ್ ಹೋದಾಗ. ಜೂನ್-ಜುಲೈನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಮರ ಬಿದ್ದು ಲೈನ್ ಹೋಗೋದು, ಜೊತೆಗೆ ನೆಟ್ ಹೋಗೋದು ಮಾಮೂಲು. ಹಾಗಾಗಿ ಎರಡು ಆಯ್ಕೆ ಉಳಿಸ್ಕೊಳ್ಳಿ, ಹೆಚ್ಚು ಬೇಡ, ಎರಡರಲ್ಲೂ ಒಂದೇ ಒಂದು ಹರಿವು ಕಟ್ಟಿಸಿ, ತೂಕದಿಂದ ಬಿಲ್‌ವರೆಗೆ ಅಂತ ಇಟ್ಕೊಳ್ಳಿ. ಟ್ರಯಲ್ ಓಡ್ತಾ ಇರೋವಾಗ ಅರ್ಧದಲ್ಲಿ ಪ್ಲಗ್ ಕಿತ್ತು ಹಾಕಿ. ವೆಂಡರ್ ಮುಖ ನೋಡ್ಬೇಡಿ, ಸ್ಕ್ರೀನ್ ನೋಡಿ.

ಮತ್ತೆ ಚಾಲೂ ಮಾಡಿದಾಗ ಮಧ್ಯದಲ್ಲಿದ್ದ ಲಾಟು ಎಲ್ಲಿ ಹೋಯ್ತು? ರ‍್ಯಾಬಿಟ್‌ಎಂಕ್ಯೂಲಿ ಕ್ಯೂ ಡ್ಯೂರಬಲ್ (ಮತ್ತೆ ಚಾಲೂ ಮಾಡಿದಾಗಲೂ ಉಳಿಯೋದು) ಅಂತ ಮಾಡಿದ್ರೆ ಸಾಕಾಗೂದಿಲ್ಲ, ಮೆಸೇಜೂ ಪರ್ಸಿಸ್ಟೆಂಟ್ (ಡಿಸ್ಕ್‌ಗೆ ಬರೆದಿಡೋದು) ಆಗಿರ್ಬೇಕು, ಕ್ಯೂ ತಗೊಂಡಿದೆ ಅಂತ ಕಳಿಸಿದೋರಿಗೆ ಖಾತ್ರಿ ವಾಪಸ್ ಬರೋ ಹಾಗೂ ಇರ್ಬೇಕು. ಒಂದು ತಪ್ಪಿದ್ರೂ ಡೆಮೋ ಚೆಂದ ಓಡ್ತದೆ, ಕರೆಂಟ್ ಹೋದ ದಿನ ನಾಕು ಲಾಟು ಮಾಯ.

ಮಾಯ ಆಗೂದಿಲ್ಲ ಅಂದ್ರೆ ಎರಡು ಸಲ ಬರೋ ಅಪಾಯ. ಮುಟ್ಟಿತಾ ಅಂತ ಖಾತ್ರಿ ಆಗದಿದ್ರೆ ಮತ್ತೆ ಕಳಿಸೋದು ಎಲ್ಲಾ ಒಳ್ಳೇ ಮಿಡಲ್‌ವೇರ್‌ಗಳ ಗುಣ. ಇ-ಇನ್‌ವಾಯ್ಸ್ ಪೋರ್ಟಲ್ ಈ ವಿಷಯದಲ್ಲಿ ಗಟ್ಟಿ: ಮಾರೋರ ಜಿಎಸ್‌ಟಿ ನಂಬರ್, ದಾಖಲೆ ಬಗೆ, ಬಿಲ್ ನಂಬರ್, ಹಣಕಾಸು ವರ್ಷ ಇಷ್ಟು ಸೇರಿ 64 ಅಕ್ಷರದ ಐಆರ್‌ಎನ್, ಅಂದ್ರೆ ಇ-ಇನ್‌ವಾಯ್ಸ್ ನಂಬರ್ ಆಗೋದು, ಅದೇ ಬಿಲ್ ಮತ್ತೆ ಹೋದ್ರೆ ಡೂಪ್ಲಿಕೇಟ್ ಅಂತ ವಾಪಸ್ ಕಳಿಸ್ತದೆ. ಟ್ಯಾಲಿಲಿ ಎರಡು ವೋಚರ್ ಬಿದ್ರೆ ಹುಡುಕಿ ಅಳಿಸ್ಬಹುದು. ಬ್ಯಾಂಕಿಗೆ ಎರಡು ಸಲ ಹೋದ್ರೆ? ರೈತರ ಖಾತೆಗೆ ಬಿದ್ದ ದುಡ್ಡು ವಾಪಸ್ ಕೇಳೋಕೆ ಅವರ ಮನೆ ಜಗುಲಿಗೆ ಹೋಗಿ ಕೂತು, ಅವರು ಕೊಟ್ಟ ಆಸರಿಗೆ ಕುಡಿದು, ಹೆಂಗೆ ಮಾತು ಶುರು ಮಾಡೂದು ಅಂತ ನೀವೇ ಯೋಚ್ನೆ ಮಾಡಿ. ಹಾಗಾಗಿ ಪಾವತಿ ಫೈಲ್ ಮಿಡಲ್‌ವೇರ್ ತಯಾರು ಮಾಡ್ಲಿ, ಕಳಿಸೋ ಬಟನ್ ಒತ್ತೋದು ಮನುಷ್ಯರೇ ಆಗಿರ್ಲಿ, ಕಡೇ ಪಕ್ಷ ಮೊದಲ ವರ್ಷ.

ಕೆಟ್ಟ ಮೆಸೇಜ್ ಎಲ್ಲಿ ಹೋಗ್ತದೆ ಅಂತಲೂ ನೋಡಿ. ಬೇಕಂತಲೇ ತಪ್ಪು ಜಿಎಸ್‌ಟಿ ನಂಬರ್ ಹಾಕಿ ಒಂದು ಬಿಲ್ ಕಳಿಸಿ. ಅದೊಂದು ಪಕ್ಕಕ್ಕೆ ಹೋಗಿ ಉಳಿದವು ಮುಂದೆ ಹೋಗ್ಬೇಕು, ಆ ಪಕ್ಕದ ಜಾಗಕ್ಕೆ ಡೆಡ್ ಲೆಟರ್ ಕ್ಯೂ ಅಂತಾರೆ. ಒಂದು ಕೆಟ್ಟ ಬಿಲ್ಲಿಂದ ಹಿಂದಿನ ಎಂಬತ್ತು ಬಿಲ್ ನಿಂತ್ರೆ ಆ ಪ್ರಾಡಕ್ಟ್ ಬೇಡ. ಪಕ್ಕಕ್ಕೆ ಹೋದದ್ದನ್ನ ನಿಮ್ಮ ಆಫೀಸಿನ ರೈಟರ್ ತಾನೇ ನೋಡಿ, ನಂಬರ್ ಸರಿ ಮಾಡಿ, ಮತ್ತೆ ಕಳಿಸೋಕೆ ಆಗ್ತದಾ, ಇಲ್ಲಾ ಪ್ರತಿ ಸಲ ವೆಂಡರ್‌ಗೆ ಫೋನ್ ಹೊಡೀಬೇಕಾ? ನಾನು ಎರಡು ಪ್ರಾಡಕ್ಟ್ ಮಧ್ಯೆ ತೀರ್ಮಾನ ಮಾಡೋದು ಹೆಚ್ಚಾಗಿ ಈ ಒಂದು ಪ್ರಶ್ನೆ ಮೇಲೆ. ಟೆಂಡರ್ ದಿನ ಮಧ್ಯಾಹ್ನ ಮೂರು ಗಂಟೆಗೆ ಏನಾದ್ರೂ ಕೆಟ್ರೆ ಯಾರು ರಿಪೇರಿ ಮಾಡೋರು, ಅವರು ಎಲ್ಲಿರ್ತಾರೆ, ಅವರಿಗೆ ಏನು ಗೊತ್ತಿದೆ. ಆ ಮನುಷ್ಯನ ಕೈಗೆ ಒಗ್ಗೋ ಪ್ರಾಡಕ್ಟೇ ಸರಿಯಾದ ಪ್ರಾಡಕ್ಟ್, ರೇಟಿಂಗ್‌ನಲ್ಲಿ ಎಷ್ಟನೇ ಸ್ಥಾನ ಅನ್ನೋದು ಆಮೇಲೆ.

ಕ್ಲೌಡ್‌ನದ್ದು ತಗೊಳ್ಳೋರಿಗೆ ಒಂದು ಮಾತು. ಟ್ಯಾಲಿ, ವೇ ಬ್ರಿಡ್ಜ್ ನಿಮ್ಮ ಯಾರ್ಡ್‌ನಲ್ಲೇ ಇರೋದ್ರಿಂದ ಅಲ್ಲೊಂದು ಏಜೆಂಟ್ ಪ್ರೋಗ್ರಾಮ್ ಹಾಕ್ಬೇಕಾಗ್ತದೆ. ಅದು ಒಳಗಿಂದ ಹೊರಗೆ ಕನೆಕ್ಟ್ ಆಗೋ ಥರದ್ದಿರ್ಲಿ, ಆಗ ರೌಟರ್‌ನಲ್ಲಿ ತೂತು ಕೊರೆಯೋದು ಬೇಡ. ನೆಟ್ ಇಲ್ದಾಗ ಆ ಏಜೆಂಟ್ ಮೆಸೇಜ್ ಹಿಡಿದಿಟ್ಕೊಳ್ತದಾ, ಕೈ ಬಿಡ್ತದಾ ಅಂತ ಕೇಳಿದ್ರೆ ಹಿಡಿದಿಟ್ಕೊಳ್ತದೆ ಅಂತಲೇ ಹೇಳ್ತಾರೆ, ಡಾಂಗಲ್ ಕಿತ್ತು ನೋಡಿ.

ಯಾರಿಗೆ ಯಾವುದು

ನನ್ನ ಅಭಿಪ್ರಾಯ ಕೇಳಿದ್ರೆ, ಐದಾರು ಸಿಸ್ಟಮ್ ಇರೋ ವಖಾರಿ, ಸೊಸೈಟಿ, ಕುಮಟಾ-ಅಂಕೋಲಾ ಕಡೆಯ ಗೋಡಂಬಿ ಫ್ಯಾಕ್ಟರಿಗೆ ಆಫೀಸಿನಲ್ಲೇ ಒಂದು ಗಟ್ಟಿ ಮಶೀನ್, ಒಳ್ಳೇ ಯುಪಿಎಸ್, ಅದರ ಮೇಲೆ ರ‍್ಯಾಬಿಟ್‌ಎಂಕ್ಯೂ, ತಿರುಗಿಸೋಕೆ ಎನ್‌8ಎನ್ ಇಲ್ಲಾ ಜಾವಾ ಬಲ್ಲೋರು ಸಿಕ್ರೆ ಕ್ಯಾಮೆಲ್. ಎಲ್ಲವೂ ಕ್ಲೌಡ್‌ನಲ್ಲೇ ಇದ್ರೆ, ಜೋಹೋ ಬುಕ್ಸ್ ಥರದ್ದು, ಜೋಹೋ ಫ್ಲೋ ಸಾಕು. ನಿಮ್ಮ ಹತ್ರವೇ ಸ್ಯಾಪ್ ಇದೆ ಅಂತಾದ್ರೆ ಸ್ಯಾಪ್‌ನ ಸೂಟ್ ಬಿಟ್ಟು ಬೇರೆ ಹುಡುಕೋಕೆ ಬಲವಾದ ಕಾರಣ ಬೇಕು. ಕಾರವಾರ, ತದಡಿ ಕಡೆ ಮೀನಿನ ಕೋಲ್ಡ್ ಸ್ಟೋರೇಜ್ ಇಟ್ಟೋರಿಗೆ ಬೇಕಾದ್ದು ಸ್ವಲ್ಪ ಬೇರೆ, ಟೆಂಪರೇಚರ್ ಸೆನ್ಸರ್‌ನಿಂದ ಸಣ್ಣ ಸಣ್ಣ ಮೆಸೇಜ್ ಸದಾ ಬರ್ತಾ ಇರ್ತದೆ, ಅದಕ್ಕೆ ಸಣ್ಣ ಮೆಸೇಜ್ ಸಾಗಿಸೋ ಎಂಕ್ಯೂಟಿಟಿ ಮತ್ತೆ ಅವನ್ನ ಜೋಡಿಸೋ ನೋಡ್-ರೆಡ್ ಹಗುರ.

ದರ ಹೋಲಿಸೋವಾಗ ಮೂರು ವರ್ಷದ್ದು ಒಟ್ಟು ಹಾಕಿ: ಲೈಸೆನ್ಸ್ ಇಲ್ಲಾ ಬಾಡಿಗೆ, ಮಶೀನು, ಯುಪಿಎಸ್ ಬ್ಯಾಟರಿ, ವರ್ಷದ ಸಪೋರ್ಟ್, ಮತ್ತೆ ಬದಲಾವಣೆ ಖರ್ಚು. ಕೊನೇದನ್ನ ಎಲ್ಲರೂ ಮರೀತಾರೆ. ಇ-ಇನ್‌ವಾಯ್ಸ್ ಮಿತಿ 2020ರಲ್ಲಿ 500 ಕೋಟಿ ವಹಿವಾಟಿಂದ ಶುರು ಆಗಿ ಇಳೀತಾ ಇಳೀತಾ 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂತು, 10 ಕೋಟಿ ಮೇಲಿನೋರು 30 ದಿನದೊಳಗೆ ಹಾಕ್ಬೇಕು ಅನ್ನೋ ನಿಯಮ 2025ರ ಏಪ್ರಿಲ್‌ನಿಂದ. ನಿಯಮ ಬದಲಾದಾಗೆಲ್ಲಾ ಮ್ಯಾಪಿಂಗ್ (ಯಾವ ಮಾಹಿತಿ ಯಾವುದಕ್ಕೆ ಹೊಂದ್ತದೆ ಅನ್ನೋ ಕೋಷ್ಟಕ) ಮುಟ್ಬೇಕು, ಮುಟ್ಟೋಕೆ ಒಂದು ಸಲಕ್ಕೆ ಎಷ್ಟು ಅಂತ ಈಗಲೇ ಬರೆಸ್ಕೊಳ್ಳಿ. ಮ್ಯಾಪಿಂಗ್ ಫೈಲು, ಪಾಸ್‌ವರ್ಡು ನಿಮ್ಮ ಆಫೀಸಿನ ಕಪಾಟಿನಲ್ಲಿ ಇರ್ಬೇಕು ಅಂತಲೂ ಅದೇ ಕಾಗದದಲ್ಲಿ ಸೇರಿಸಿ.

ಚಾಲೂ ಮಾಡೋ ದಿನ

ಮಾರಿಕಾಂಬಾ ಜಾತ್ರೆ ವರ್ಷ ಆದ್ರೆ ಜಾತ್ರೆ ಹತ್ರ ಬೇಡ, ಊರೇ ಜಾತ್ರೆಲಿರ್ತದೆ, ಸಪೋರ್ಟ್ ಹುಡುಗನೂ ಸೇರಿ. ಟೆಂಡರ್ ಕಮ್ಮಿ ಇರೋ ವಾರ ಆರಿಸಿ, ಹಳೇ ಎಕ್ಸೆಲ್ ದಾರಿ ನಿಲ್ಲಿಸ್ದೇ ಎರಡೂ ಜೊತೆಗೆ ಓಡಿಸಿ. ಪ್ರತಿ ಸಂಜೆ ಮೂರು ಅಂಕಿ ತಾಳೆ ನೋಡಿ: ಒಟ್ಟು ಲಾಟು, ಒಟ್ಟು ಕಿಲೋ, ಒಟ್ಟು ರೂಪಾಯಿ. ಎರಡು ತಾಳೆ ಆಗಿ ಕಿಲೋ ಮಾತ್ರ ಆಗದಿದ್ರೆ ಯೂನಿಟ್ ಕೋಷ್ಟಕ ನೋಡಿ, ಮೂರೂ ಆಗದಿದ್ರೆ ಡೆಡ್ ಲೆಟರ್ ಕ್ಯೂ ನೋಡಿ.

ಮಾರ್ಚ್ ಕೊನೆ ವಾರ, ಏಪ್ರಿಲ್ ಮೊದಲ ವಾರ ಅಂತೂ ಖಂಡಿತ ಬೇಡ. ಆದ್ರೆ ಏಪ್ರಿಲ್ ಬರೋದಕ್ಕಿಂತ ಮೊದ್ಲೇ ಒಂದು ಪರೀಕ್ಷೆ ಮಾಡಿ. ಹೊಸ ವರ್ಷಕ್ಕೆ ಬಿಲ್ ನಂಬರ್ ಮತ್ತೆ 1ರಿಂದ ಶುರು ಮಾಡೋ ರೂಢಿ ಇದ್ರೆ, ಎರಡು ಸಲ ಬಂದದ್ದನ್ನ ಹಿಡಿಯೋಕೆ ಇಟ್ಟ ಕೀಲಿಲಿ ಹಣಕಾಸು ವರ್ಷ ಸೇರಿದೆಯಾ ನೋಡಿ. ಸೇರಿಲ್ಲ ಅಂದ್ರೆ ಏಪ್ರಿಲ್ 1ಕ್ಕೆ ಬಂದ ಬಿಲ್ ನಂಬರ್ 1ನ್ನ ಮಿಡಲ್‌ವೇರ್ ಇದು ಹೋದ ವರ್ಷವೇ ಬಂದಾಗಿದೆ ಅಂತ ಸದ್ದಿಲ್ದೇ ಬಿಸಾಡ್ತದೆ, ಎರರ್ ಕೂಡ ತೋರಿಸೂದಿಲ್ಲ. ಬಿಲ್ ನಂಬರ್‌ಗೇ ವರ್ಷ ಸೇರಿಸೋದಾದ್ರೆ ಜಿಎಸ್‌ಟಿ ಬಿಲ್‌ನಲ್ಲಿ ನಂಬರ್ 16 ಅಕ್ಷರ ಮೀರೋ ಹಾಗಿಲ್ಲ, ಅಡ್ಡ ಗೆರೆ, ಓರೆ ಗೆರೆನೂ ಸೇರಿಯೇ 16, ಅದನ್ನ ಎಣಿಸ್ಕೊಂಡು ಸೀರೀಸ್ ಮಾಡಿ.